ಅಯ್ಯ ಕೂತರೆ ಬರುವ ಸದ್ದು

ಜೀಪಿನ ಮುಂದುಗಡೆ ಕಟಕ್ ಎನ್ನುವ ಸದ್ದು ನಿಜವೋ, ತನ್ನ ಕಿವಿಯೇ ಕೆಟ್ಟಿದೆಯೋ ಎಂದು ದೇವಯ್ಯನಿಗೆ ತಿಳಿಯದಾಯಿತು. ಸಿಂಧಘಟ್ಟದ ಚಿಕ್ಕಸ್ವಾಮಿ ಅಯ್ಯನವರು ಕೂತರೆ ರಸ್ತೆಯ ಗುಂಡಿಗೊಂದು ಕಟಕ್. ಅವರು ಇಳಿದರೆ ಗಾಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಹನ್ನೊಂದು ವರ್ಷ ಓಡಿಸಿದ ಗಾಡಿ, ಹೀಗೆ ಯಾವತ್ತೂ ಆಟ ಆಡಿಸಿರಲಿಲ್ಲ.

“ಬೇಕೂಂತ್ಲೇ ಗುಂಡಿಗೆ ಇಳಿಸ್ತಿದ್ದೀಯ ಕಣ್ಲಾ,” ಅಂದಿದ್ದರು ಅಯ್ಯ. “ಇವತ್ತು ಸಂಜೆಯೊಳ್ಗೆ ಸದ್ದು ನಿಲ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬೇರೆ ಡ್ರೈವರ್ ಬತ್ತಾನೆ.”

ಕೆ.ಆರ್. ಪೇಟೆಯ ಮೆಕ್ಯಾನಿಕ್ ಅಮೀರ್ ಜಾನ್ ಗಾಡಿಯ ಕೆಳಗೆ ತೂರಿ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದ, ಬುಷ್ ಅಲ್ಲಾಡಿಸಿ ನೋಡಿದ. ಹೊಸಹೊಳಲು ರಸ್ತೆಯಲ್ಲಿ ದೇವಯ್ಯ ನಿಧಾನಕ್ಕೆ ಗುಂಡಿ ಹಾಯಿಸಿದಾಗ ಚಕ್ರದ ಪಕ್ಕವೇ ಬಗ್ಗಿ ಓಡಿದ. ಸದ್ದಿಲ್ಲ. ಗ್ಯಾರೇಜಿನ ಇಬ್ಬರನ್ನು ಹಿಂದೆ ಹತ್ತಿಸಿದರು. ಆಗಲೂ ಇಲ್ಲ.

“ಅರೆ, ನಿಮ್ ಅಯ್ಯಂಗೆ ಕನಸು ಬಿದ್ದೈತೆ!”

“ಇಲ್ಲ ಸಾಬ್ರೇ, ನಾನೂ ಕೇಳಿವ್ನಿ.”

“ಅವರು ಕೂರೋದೆಲ್ಲಿ?”

“ಮುಂದೆ, ಎಡಕ್ಕೆ.”

“ಮತ್ತೆ ಅಲ್ಲಿ ಭಾರ ಯಾಕೋ ಹಾಕ್ಲಿಲ್ಲ?”

ದೇವಯ್ಯ ತಬ್ಬಿಬ್ಬಾದ. ಅದು ಅವನಿಗೆ ಹೊಳೆದೇ ಇರಲಿಲ್ಲ. ಹನ್ನೊಂದು ವರ್ಷ ಸ್ಟೇರಿಂಗ್ ಹಿಡಿದ ಕೈ ಆ ಸೀಟನ್ನು ಮುಟ್ಟಿದ್ದು ಧೂಳು ಒರೆಸುವುದಕ್ಕೆ ಮಾತ್ರ. ಕೇರಿಯ ಹೆರಿಗೆ ನೋವಿನ ಹೆಂಗಸರೂ ಹಿಂದೆ, ಹುಲ್ಲಿನ ಹೊರೆಯ ಜೊತೆಗೇ ಆಸ್ಪತ್ರೆಗೆ ಬಂದಿದ್ದರು.

“ಅಲ್ಲಿ ನಾವ್ಯಾರೂ ಕೂರಂಗಿಲ್ಲ,” ಅಂದ.

“ನಾನ್ ಕೂತ್ರೆ ಚಕ್ರದತ್ರ ಕಿವಿ ಕೊಡೋರ್ಯಾರು? ಯಾರಾದ್ರೂ ಹತ್ತಿ ಕೂರ್ರಪ್ಪಾ.”

ಗ್ಯಾರೇಜಿನವರಿಬ್ಬರೂ ಅಯ್ಯನವರ ಊರಿನವರೇ, ಬೇರೆಲ್ಲೋ ನೋಡಿದರು. ಮಿಲ್ಲಿಗೆ ಬಂದು, ಊರಿಗೆ ಮರಳಲು ಜೀಪು ಕಾಯುತ್ತಿದ್ದ ದೇವಯ್ಯನ ಹೆಂಡತಿ ಸಿದ್ದಲಿಂಗಮ್ಮ ರಾಗಿಹಿಟ್ಟಿನ ಮೂಟೆ ಎತ್ತಿಕೊಂಡಳು.

“ನಿನ್ ಕೆಲ್ಸ ಹೋದ್ಮೇಲೆ ಸೀಟಿಗೆ ಪೂಜೆ ಮಾಡ್ತೀಯಾ? ಸರಿ ಅತ್ಲಾಗೆ.”

ಮೂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು. ಜೀಪು ಹೊರಟಿತು. “ಅಬ್ಬಾ, ಇಲ್ಲಿಂದ ರಸ್ತೆಯೆಲ್ಲಾ ಕಾಣ್ತದಲ್ಲಾ!” ಎಂದು ಅವಳು ಅನ್ನುತ್ತಿದ್ದಂತೆ ಗುಂಡಿ ಬಂತು.

ಕಟಕ್.

ಅಮೀರ್ ಜಾನ್ ಎಡಗಡೆಯ ಸ್ಪ್ರಿಂಗ್ ಪಟ್ಟಿಗಳ ಮೇಲಿನ ಮಣ್ಣು ಕೆರೆದ. ಎರಡನೇ ಪಟ್ಟಿ ಸೀಳಿತ್ತು. ಮೇಲೆ ಭಾರ ಬಿದ್ದಾಗ ಮಾತ್ರ ಬಾಯಿ ಬಿಟ್ಟು ಬಡಿಯುತ್ತಿತ್ತು. ಹೊಸದು ಹಾಕಿ, ಸಿದ್ದಲಿಂಗಮ್ಮನನ್ನೇ ಮತ್ತೆ ಕೂರಿಸಿ ಅದೇ ಗುಂಡಿಗೆ ಇಳಿಸಿದರು. ಸದ್ದು ಅಡಗಿತ್ತು.

ಸಂಜೆ ತಮ್ಮ ಮನೆಯಂಗಳದಲ್ಲಿ ಅಯ್ಯನವರು ಒಂದು ಕಾಲು ಜೀಪಿನೊಳಗಿಟ್ಟು ಕೇಳಿದರು: “ಎಂಗ್ಲಾ ಪತ್ತೆ ಆಯ್ತು? ನೀನೊಬ್ನೇ ಇದ್ರೆ ಬರ್ತಾನೇ ಇರ್ಲಿಲ್ವಲ್ಲ?”

ಸುಳ್ಳು ಹೇಳಬಹುದಿತ್ತು. ರಿಪೇರಿಯ ಖುಷಿಯಲ್ಲಿ ದೇವಯ್ಯನಿಗೆ ಅದು ತೋಚಲಿಲ್ಲ. “ನಮ್ ಸಿದ್ದಿ ಕೂತ್ಕಂಡ್ಳು ಅಯ್ಯಾ, ನಿಮ್ ಸೀಟಲ್ಲಿ. ಕೂತಿದ್ದೇ ಸಿಕ್ಬುಡ್ತು.”

ಅಯ್ಯ ಕೆಂಡ ತುಳಿದವರಂತೆ ಕಾಲನ್ನು ಹೊರಗೆಳೆದುಕೊಂಡರು. “ತೊಳಿಯಲಾ ಅದ. ಸೋಪಾಕಿ ತೊಳಿ.”

ದೇವಯ್ಯ ಬಕೀಟಿನಲ್ಲಿ ನೀರು ತಂದ. ಸೀಟಿನ ತುಂಬ ಕಣ್ಣಾಡಿಸಿದ. ಹಿಟ್ಟಿನ ಒಂದು ಚಿಟಿಕೆಯೂ ಬಿದ್ದಿರಲಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ.

“ಎಲ್ಲಿ ಅಯ್ಯಾ?”

“ಏನ್ಲಾ ಎಲ್ಲಿ?”

“ಕೊಳೆ. ತೋರ್ಸಿ, ತೊಳೀತೀನಿ.”

ಅಯ್ಯ ಬೆರಳೆತ್ತಿದರು. ಬೆರಳು ಸೀಟಿನ ಮೇಲೆ ಅತ್ತಿತ್ತ ಅಲೆದು, ಎಲ್ಲೂ ನಿಲ್ಲದೆ ಕೆಳಗಿಳಿಯಿತು. “ಎದುರು ಮಾತಾಡ್ತೀಯೇನ್ಲಾ!”

ದೇವಯ್ಯ ಬಕೀಟಿನ ನೀರನ್ನು ಅಂಗಳದ ಕನಕಾಂಬರಕ್ಕೆ ಸುರಿದ. ಜೇಬಿನಿಂದ ಕೀ ತೆಗೆದು ಆ ಸೀಟಿನ ನಟ್ಟನಡುವೆ ಇಟ್ಟ.

“ನಾಳೆ ಬರೋನಿಗೆ ಕೊಡಿ,” ಅಂದು ನಡೆದ.

ಗೇಟಿನ ಬಳಿ ತಿರುಗಿ ನೋಡಿದಾಗ ಅಯ್ಯ ಕೀಯನ್ನೇ ನೋಡುತ್ತ ನಿಂತಿದ್ದರು. ಅದಕ್ಕೆ ಚಾಚಿದ ಕೈ ಸೀಟು ಮುಟ್ಟದೆ ಅರ್ಧಕ್ಕೇ ನಿಂತಿತ್ತು.