ಕಾಫಿ ತಕ್ಕಡಿಯ ಮೇಲೆ ಸುನಂದಮ್ಮ

ಸುಧಾಗೆ ಹುಬ್ಬಳ್ಳಿಯಲ್ಲಿ ಹೆಣ್ಣು ಮಗುವಾಗಿತ್ತು. ದಿನ ತುಂಬಿದಾಗ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳು ಗಾವಡಗೆರೆಯ ತವರಿಗೆ ಬರಲಾಗಿರಲಿಲ್ಲ. ಬಾಣಂತನಕ್ಕೆ ಅವ್ವ ಸುನಂದಮ್ಮನೇ ಅಲ್ಲಿಗೆ ಹೊರಟಳು.

ಸುಧಾಳ ತಂಗಿ ಅನುಶ್ರೀ ಪೈಲಟ್. ಪಿರಿಯಾಪಟ್ಟಣದ ಆಚೆ ಕಾಫಿ ತೋಟವಿಟ್ಟುಕೊಂಡಿದ್ದ ರುದ್ರಸ್ವಾಮಿಯವರ ನಾಲ್ಕು ಸೀಟಿನ ಪುಟ್ಟ ವಿಮಾನವನ್ನು ಅವಳು ಹಾರಿಸುತ್ತಿದ್ದಳು. ತೋಟದ ಅಂಚಿನಲ್ಲೇ ಅದಕ್ಕೊಂದು ಸಣ್ಣ ರನ್‌ವೇ ಇತ್ತು. ರುದ್ರಸ್ವಾಮಿಯವರಿಗೂ ಆ ವಾರ ಹುಬ್ಬಳ್ಳಿಯಲ್ಲಿ ಕೆಲಸವಿತ್ತು. "ನಿಮ್ಮ ತಾಯೀನೂ ಕರ್ಕೊಂಡು ಬಾರಮ್ಮ" ಎಂದಿದ್ದರು. ಮೂರು ಜನ, ಒಂದೆರಡು ಬ್ಯಾಗು, ಅಲ್ಲಿಯವರೆಗೆ ಸಾಲುವಷ್ಟು ಇಂಧನ. ಅನುಶ್ರೀ ಲೆಕ್ಕ ಹಾಕಿದ್ದು ಅಷ್ಟಕ್ಕೇ.

ಆದರೆ ಹೊರಡುವ ದಿನ ರನ್‌ವೇ ಬಳಿ ಅಪ್ಪ ನಂಜುಂಡಸ್ವಾಮಿ ಬಾಡಿಗೆ ಆಟೋದಿಂದ ಒಂದೊಂದೇ ಇಳಿಸತೊಡಗಿದರು: ಅಕ್ಕಿ ಮೂಟೆ, ರಾಗಿಹಿಟ್ಟು, ಬೆಲ್ಲ, ಕೊಬ್ಬರಿ, ತುಪ್ಪದ ಡಬ್ಬ, ಮಗುವಿನ ಬಟ್ಟೆಯ ಗಂಟು.

"ಅವ್ವ, ಇಷ್ಟೊಂದು ಯಾಕೆ?"

"ಬಾಣಂತಿ ಮನೆ ಕಣೇ. ಅಂಗಡೀದು ಕೊಡಕಾಯ್ತದಾ?" ಎಂದಳು ಸುನಂದಮ್ಮ.

ಅಷ್ಟರಲ್ಲಿ ರುದ್ರಸ್ವಾಮಿ ನಗುತ್ತಾ ಬಂದರು. "ನಂಜುಂಡಸ್ವಾಮಿ, ನೀವೂ ಬನ್ನಿ. ಒಂದು ಸೀಟು ಸುಮ್ಮನೆ ಹೋಗ್ತದೆ. ಮೊಮ್ಮಗಳನ್ನ ನೋಡೋದು ಬೇಡವೇ?"

ಅಪ್ಪ ಬೀಳ್ಕೊಡಲೆಂದು ಬಂದವರು. ಅವರ ಮುಖ ಒಮ್ಮೆಲೇ ಅರಳಿತು. ಹೆಗಲ ಟವೆಲ್ಲನ್ನು ಸರಿಮಾಡಿಕೊಂಡು, ಹೌದೋ ಅಲ್ಲವೋ ಎಂಬಂತೆ ಮಗಳನ್ನು ನೋಡಿದರು.

"ಸರ್, ಸೀಟಿರೋದು ಬೇರೆ, ತೂಕ ಬೇರೆ" ಎಂದಳು ಅನುಶ್ರೀ ತಗ್ಗಿದ ದನಿಯಲ್ಲಿ.

"ಏನಾಗಲ್ಲ ಬಾಮ್ಮ. ಒಂಚೂರು ತಾನೇ?"

ಬೇಡ ಎನ್ನಬೇಕಿತ್ತು. ಅಪ್ಪ ಆಗಲೇ ಚಪ್ಪಲಿಯ ಮಣ್ಣು ಕೊಡವಿಕೊಂಡು ರೆಕ್ಕೆಯ ಬಳಿ ನಿಂತಿದ್ದರು. ಅವಳಿಗೆ ಬಾಯಿ ಬರಲಿಲ್ಲ. ಮೂಟೆಗಳು ಹಿಂದೆ ಸೇರಿದವು.

ಏಪ್ರಿಲ್ ಬಿಸಿಲು ಸುಡುತ್ತಿತ್ತು. ವಿಮಾನ ಓಡತೊಡಗಿತು. ಬೇರೆ ದಿನವಾದರೆ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಂಬ ಬರುವ ಹೊತ್ತಿಗೆ ಚಕ್ರಗಳು ನೆಲ ಬಿಟ್ಟಿರುತ್ತಿದ್ದವು. ಇವತ್ತು ಕಂಬ ಹಿಂದೆ ಸರಿದರೂ ವಿಮಾನ ಭಾರದ ಗಾಡಿಯಂತೆ ನೆಲಕ್ಕೇ ಅಂಟಿಕೊಂಡಿತ್ತು. ಒಮ್ಮೆ ಮೂತಿ ಎತ್ತಿತು, ಬಾಲ ಕುಸಿದಂತಾಯಿತು, ಮತ್ತೆ ಚಕ್ರ ಬಡಿಯಿತು. ಎದುರಿಗೆ ಸಿಲ್ವರ್ ಓಕ್ ಮರಗಳು ದೊಡ್ಡದಾಗುತ್ತಾ ಬಂದವು.

ಅನುಶ್ರೀ ಎಂಜಿನ್ನಿನ ವೇಗವನ್ನು ಪೂರ್ತಿ ಇಳಿಸಿ ಬ್ರೇಕ್ ತುಳಿದಳು. ವಿಮಾನ ಅತ್ತಿತ್ತ ಜಾರಿ, ರನ್‌ವೇ ದಾಟಿ, ಬೇಲಿಯ ಹತ್ತಿರದ ಹುಲ್ಲಿನಲ್ಲಿ ನಿಂತಿತು.

ಬ್ರೇಕಿನ ಸುಟ್ಟ ವಾಸನೆ ಒಳಗೆ ಬಂತು.

"ಯಾಕವ್ವ ನಿಲ್ಲಿಸ್ಬುಟ್ಟೆ?" ಎಂದಳು ಸುನಂದಮ್ಮ.

"ಭಾರ ಜಾಸ್ತಿ ಆಯ್ತು ಕಣವ್ವ. ಬಿಸಿಲಿಗೆ ಗಾಳಿ ತೆಳ್ಳಗಾಗಿರ್ತದೆ, ರೆಕ್ಕೆ ಎತ್ತಲ್ಲ. ಹಿಂದೆ ಮೂಟೆ ಬೇರೆ. ಹಂಗೂ ಹಿಂಗೂ ಎದ್ದಿದ್ರೂ ಮೇಲಕ್ಕೆ ಹೋಗ್ತಿರಲಿಲ್ಲ, ಮರಕ್ಕೆ..." ಅವಳು ಎಂಜಿನ್ ಆರಿಸಿದಳು. "ನಂಗೆ ಗೊತ್ತಿತ್ತು. ಅಪ್ಪನ ಮೊಕ ನೋಡಿ ಬ್ಯಾಡ ಅನ್ನಕ್ಕಾಗಲಿಲ್ಲ."

ಹಿಂದಿನಿಂದ ಅಪ್ಪನ ಒರಟು ಕೈ ಬಂದು ಅವಳ ತಲೆಯ ಮೇಲೆ ನಿಂತಿತು. "ನಾನು ಇಳ್ಕತೀನಿ ಬುಡು ಮಗ. ಬಸ್ಸಲ್ಲಿ ಬತ್ತೀನಿ. ಅದ್ಕೇನಂತೆ."

"ನೀವಲ್ಲ" ಎಂದರು ರುದ್ರಸ್ವಾಮಿ. ಅವರ ಹಣೆ ಬೆವತಿತ್ತು. "ಆಸೆ ಹಚ್ಚಿದವನು ನಾನು. ಅವಳು ಹೇಳಿದಾಗ ಕೇಳಲೂ ಇಲ್ಲ. ನನ್ನ ಕೆಲಸ ನಾಳೆ ಆದ್ರೂ ಆಗ್ತದೆ. ನಾನೇ ಇಳೀತೀನಿ, ನೀವು ಹೋಗಿ ಮಗು ನೋಡಿ."

ಬ್ರೇಕು ತಣ್ಣಗಾಗುವವರೆಗೆ ಕಾದು, ಚಕ್ರಗಳನ್ನು ಸುತ್ತ ನೋಡಿದ ಮೇಲೆ, ಅನುಶ್ರೀ ಈ ಸಲ ಅಂದಾಜಿಗೆ ಏನನ್ನೂ ಬಿಡಲಿಲ್ಲ. ಕಾಫಿ ಮೂಟೆ ತೂಗುವ ಗೋದಾಮಿಗೆ ಅಪ್ಪ ಅವ್ವನನ್ನು ಕರೆದೊಯ್ದಳು. ಅಪ್ಪ ತಕ್ಕಡಿ ಹತ್ತಿ ನೆಟ್ಟಗೆ ನಿಂತರು. ಸುನಂದಮ್ಮ ಮಾತ್ರ ಸೆರಗು ಹಿಡಿದುಕೊಂಡು ಹಿಂದೆ ಸರಿದಳು.

"ಥೂ, ಮೂಟೆ ತೂಗೋ ಕಡೆ ನನ್ನ ನಿಲ್ಲಿಸ್ತೀಯಾ?"

ರುದ್ರಸ್ವಾಮಿ ಗಂಭೀರವಾಗಿ ಗೋಡೆಯ ಕಡೆ ತಿರುಗಿಕೊಂಡರು. ನಂಜುಂಡಸ್ವಾಮಿ ನಗು ತಡೆಯಲಾರದೆ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಅವ್ವ ಹತ್ತಿದಳು. ಮುಳ್ಳು ನೋಡದೆ ಕಣ್ಣು ಮುಚ್ಚಿ ನಿಂತಳು, ಆಮೇಲೆ ಅವಳಿಗೂ ನಗು ಬಂತು. ನಗುತ್ತಲೇ ಅತ್ತಳು. ಮರಗಳ ಭಯ ಆಗ ಹೊರಗೆ ಬಂದಿರಬೇಕು. ಮಗಳು ಅವಳನ್ನು ತಬ್ಬಿ ಇಳಿಸಿಕೊಂಡಳು.

"ಇನ್ಮೇಲೆ ನಂಗೂ ಬ್ಯಾಡ ಅನ್ನು, ನಿಮ್ಮಪ್ಪಂಗೂ ಅನ್ನು" ಎಂದಳು ಸುನಂದಮ್ಮ. "ನಾವು ಮುನಿಸ್ಕಂಡ್ರೆ ಮುನಿಸ್ಕತೀವಿ."

ಅಕ್ಕಿ, ರಾಗಿಹಿಟ್ಟು, ಬೆಲ್ಲ, ಕೊಬ್ಬರಿ ಗೋದಾಮಿನಲ್ಲೇ ಉಳಿದವು. ತುಪ್ಪದ ಡಬ್ಬವೂ ಮಗುವಿನ ಬಟ್ಟೆಯ ಗಂಟೂ ಮಾತ್ರ ವಿಮಾನ ಹತ್ತಿದವು. ಈ ಸಲ ಗಾಳಿಚೀಲದ ಕಂಬಕ್ಕೆ ಮೊದಲೇ ನೆಲ ಕೆಳಗೆ ಹೋಯಿತು. ಕೆಳಗೆ ಹೊಳೆ ಸಣ್ಣ ಗೆರೆಯಂತೆ ಕಂಡಾಗ ಅಪ್ಪ ಕಿಟಕಿಗೆ ಹಣೆ ಒತ್ತಿ ಕೂತರು.

ಸಂಜೆ ಹುಬ್ಬಳ್ಳಿಯಿಂದ ಅನುಶ್ರೀ ರುದ್ರಸ್ವಾಮಿಯವರಿಗೆ ಫೋನ್ ಮಾಡಿದಳು.

"ಸುಖವಾಗಿ ಇಳಿದ್ರಾ? ಮಗು ಹೆಂಗಿದೆ?"

ಅವಳು ಬಾಗಿಲ ಸಂದಿಯಿಂದ ನೋಡಿದಳು. ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ತೊಡೆಯ ಮೇಲಿದ್ದ ಮಗು ಅವರ ಕಿರುಬೆರಳನ್ನು ಹಿಡಿದುಕೊಂಡಿತ್ತು. ಕಾಲು ಜೋಮು ಹಿಡಿದಿದ್ದರೂ ಅವರು ಅಲುಗಾಡುತ್ತಿರಲಿಲ್ಲ.

"ಮಲಗಿದೆ ಸರ್" ಎಂದಳು ಅನುಶ್ರೀ, ಪಿಸುದನಿಯಲ್ಲಿ.