ಎರಡನೇ ಚರಣದ ಬೀಸಣಿಗೆ

ಮತ್ತೆ ಅದೇ ಹಾಡು, ಪಕ್ಕದ ಮನೆಯ ರೇಡಿಯೋದಲ್ಲಿ, ಈ ಸಲ ಯಾರೋ ಹುಡುಗಿ, ಮೂಗಿನಲ್ಲಿ ಹಾಡುತ್ತಾಳೆ, ಹಿಂದೆ ಯಂತ್ರದ ತಾಳ ಟಕ ಟಕ, ಆದರೂ ನಮ್ಮದೇ ಹಾಡು, ‘ನಿನ್ನ ಬಾವಿಯ ನೀರು’, ಹುಳಿ ಕಿತ್ತಳೆ ಹಿಂಡುತ್ತಿದ್ದ ನನ್ನ ಕೈ ತಾನಾಗಿ ನಿಧಾನವಾಗುತ್ತದೆ, ಎರಡನೇ ಚರಣ ಬರಲಿ, ಬಂತು, ಬಾವಿಗೆ ಬಗ್ಗಿ ನಿನ್ನ ಹೆಸರು ಕೂಗಿದೆ — ನಿಂತಿತು, ಯಂತ್ರವೂ ನಿಂತಿತು, ಒಂದು, ಎರಡು, ಆಮೇಲೆ ಉಳಿದದ್ದು ಹರಿಯಿತು, ಶಹಬ್ಬಾಸ್ ಮಗಳೇ, ನೀನೂ ನಿಂತೆ. ಎಲ್ಲರೂ ನಿಲ್ಲುತ್ತಾರೆ, ಹವಾನಾದ ದೊಡ್ಡ ತಂಡದಲ್ಲಿ ಹತ್ತು ಕಹಳೆಗಳು ಒಟ್ಟಿಗೆ ಬಾಯಿ ಮುಚ್ಚಿಕೊಂಡವು, ನಮ್ಮ ಮಗಳು ಮಿರ್ನಾಳ ಮದುವೆಯಲ್ಲಿ ಮರಿಯಾಚಿ ವಾದ್ಯದವರು ನಿಂತಾಗ ಹಾಡು ಮುಗಿಯಿತೆಂದು ಅಳಿಯ ಚಪ್ಪಾಳೆ ತಟ್ಟಿ ಪೆಚ್ಚಾದ, ಟೋಕಿಯೋದ ಹೆಂಗಸೊಬ್ಬಳು, ನಮ್ಮ ಭಾಷೆಯ ಒಂದಕ್ಷರ ಬಾರದವಳು, ಆ ಜಾಗದಲ್ಲಿ ಮಾತ್ರ ಎಲ್ಲಾ ಬಲ್ಲವಳಂತೆ ನಿಂತಳು, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ಕಳೆದು ಮಲಗಿದ್ದಾಗ ಮೇಲಿನಿಂದ ಮಾತಿಲ್ಲದ ಪಿಟೀಲು, ಅದೂ ನಿಂತಿತು, ನಿಲ್ಲದೆ ಇದ್ದದ್ದು ಡಾಕ್ಟರ ಕೊರೆಯುವ ಯಂತ್ರವೊಂದೇ. ಬುಯೆನೋಸ್ ಐರೆಸ್‌ನ ಪಿಯಾನೋದವನೊಬ್ಬ ಮಾತ್ರ ಆ ಖಾಲಿ ಜಾಗಕ್ಕೆ ಹತ್ತು ಬೆರಳೂ ತುರುಕಿದ, ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ, ಅವನನ್ನು ನಾನು ಇನ್ನೂ ಕ್ಷಮಿಸಿಲ್ಲ. ರೇಡಿಯೋದಲ್ಲಿ ಒಬ್ಬ ಪಂಡಿತರು ಬೇರೆ, ಪ್ರಿಯತಮೆ ಬಾವಿಯೊಳಗಿಂದ ಓಗೊಡುವಳೋ ಎಂದು ಕಾಯುವ ಮಹಾಮೌನವಿದು ಎಂದರು, ನನ್ನ ಗಂಡ ಗಾಸ್ಪಾರ್ ನಕ್ಕು ನಕ್ಕು ಜೋಲಿಯಿಂದ ಕೆಳಗೆ ಬಿದ್ದ, ಮಹಾಮೌನವಂತೆ ಎಲ್ಸಿ, ನನ್ನ ಕೈ ಕೆಟ್ಟೋಗಿದ್ದಕ್ಕೆ ಎಂಥಾ ಹೆಸರು ನೋಡು.

ಹೌದು, ಅದು ತಪ್ಪು, ನನ್ನ ಗಂಡನ ಕೈ ಮಾಡಿದ ತಪ್ಪು, ಹಾಡು ಕಟ್ಟಿದ ಎವೆಲಿಯೋ ಅಲ್ಲಿ ನಿಲ್ಲಿ ಎಂದು ಎಲ್ಲೂ ಬರೆದಿರಲಿಲ್ಲ, ಆದರೆ ಲೋಕವೆಲ್ಲ ಹಾಡು ಕಲಿತದ್ದು ಆ ಮೊದಲ ರೆಕಾರ್ಡಿನ ತಟ್ಟೆ ಕೇಳಿ, ಮೂಗು ಸೊಟ್ಟಗಿದ್ದರೆ ಸೊಟ್ಟ ಮೂಗನ್ನೇ ಬರೆದುಕೊಂಡರು. ಐವತ್ತೆಂಟು ವರ್ಷ. ಈಗ ಗಾಸ್ಪಾರ್ ಅಂಗಳದಲ್ಲಿ ಕೂತು ತಂತಿ ಬಿಗಿಯುತ್ತಿದ್ದಾನೆ, ಟಿಣ್, ಇನ್ನಷ್ಟು, ಟಿಣ್, ಎರಡು ಸ್ವೆಟರು, ತಲೆಗೆ ಟೊಪ್ಪಿ, ನಿನ್ನೆಯಿಂದ ಉತ್ತರದ ಗಾಳಿ ಬೀಸುತ್ತಿದೆ, ಬಿಸಿಲೂರು ಮೆರಿದಾದ ಜನಕ್ಕೆ ಇಷ್ಟು ಚಳಿಯಾದರೆ ಹಿಮ ಬಿದ್ದಂತೆ, ನಾಯಿಗೂ ಅಂಗಿ ತೊಡಿಸುತ್ತಾರೆ. ಬೆಳಿಗ್ಗೆ ಕಾಫಿಗೆ ರೊಟ್ಟಿ ಅದ್ದುತ್ತಾ ಕೇಳಿದನಲ್ಲ, ಇಷ್ಟು ವರ್ಷ ಎಲ್ಲಿ ಇಟ್ಟುಕೊಂಡಿದ್ದನೋ ಆ ಪ್ರಶ್ನೆಯನ್ನು, ಎಲ್ಸಿ, ನಿಜ ಹೇಳು, ಅವತ್ತು ಬೀಸಣಿಗೆ ಬಿಚ್ಚಿದ್ದು ಸೆಖೆಗಾ? ನಾನು ಒಲೆಯ ಕಡೆ ತಿರುಗಿದೆ, ಹಾಲು ಉಕ್ಕುತ್ತೆ ತಾಳೋ ಎಂದೆ, ಒಲೆಯ ಮೇಲೆ ಹಾಲೇ ಇರಲಿಲ್ಲ. ಸೆಖೆಗೇ ಆಗಿದ್ರೆ ಗುರುವಾರ ಸಾಂತಾ ಲೂಸಿಯಾ ಚೌಕದಲ್ಲಿ ನಿಲ್ಲಿಸದೇ ನುಡಿಸ್ತೀನಿ, ಅಂದ, ನಂಗೆ ಸನ್ಮಾನ ಅಂತೆ, ಎವೆಲಿಯೋ ಬರೆದ ಹಾಗೆ ಒಂದ್ಸಲ ನುಡಿಸಿ ಋಣ ತೀರಿಸ್ತೀನಿ, ಇಲ್ಲದ ಒಪ್ಪಿಗೆಗೆ ಲೋಕವೆಲ್ಲ ಯಾಕೆ ನಿಲ್ಬೇಕು ಹೇಳು. ನಗುತ್ತಲೇ ಅಂದ, ಆದರೆ ರೊಟ್ಟಿ ಕರಗಿ ಲೋಟದ ತಳ ಸೇರಿದ್ದು ಅವನಿಗೆ ತಿಳಿಯಲಿಲ್ಲ, ಎಂಬತ್ತೆರಡರ ಮುದುಕ, ಇನ್ನೂ ಉತ್ತರ ಕಾಯುವ ಹುಡುಗನ ಮುಖ.

ಏನು ಹೇಳಲಿ, ಸೆಖೆಗೇ ಕಣೋ, ದೇವರಾಣೆ ಸೆಖೆಗೇ, ಮೇ ತಿಂಗಳು, ರೆಕಾರ್ಡಿಂಗಿನ ಕೋಣೆ, ಸದ್ದು ಸೇರುತ್ತದೆಂದು ಫ್ಯಾನು ನಿಲ್ಲಿಸಿ ಕಿಟಕಿಗೆಲ್ಲ ಕಂಬಳಿ ಹೊಡೆದಿದ್ದರು, ಗಾಜಿನ ಈಚೆ ನಾನು, ಆಚೆ ಗಾಸ್ಪಾರನ ತಂಡದ ಮೂವರು, ಬಿಳಿ ಅಂಗಿಗಳು ಬೆನ್ನಿಗೆ ಅಂಟಿದ್ದವು. ಹಿಂದಿನ ದಿನವೇ ಗಾಸ್ಪಾರ್ ಮದುವೆಯ ಮಾತೆತ್ತಿ ಹೇಳಿದ್ದ, ಬಾಯಲ್ಲಿ ಹೇಳ್ಬೇಡ, ನಿಂಗೆ ನಾಚಿಕೆ, ಒಪ್ಪಿಗೆ ಇದ್ರೆ ಬೀಸಣಿಗೆ ಬಿಚ್ಚು, ಇಲ್ಲಾಂದ್ರೆ ಮಡಿಚಿ ಮಡಿಲಲ್ಲೇ ಇಟ್ಕೊ, ನಾನು ಮತ್ತೆ ಕೇಳಲ್ಲ. ಮೇ ತಿಂಗಳಲ್ಲಿ ಮೆರಿದಾದಲ್ಲಿ ಬೀಸಣಿಗೆ ಬಿಚ್ಚಬೇಡ ಎನ್ನುವ ಮಹಾಬುದ್ಧಿವಂತ! ಮನೆಯಲ್ಲಿ ಅಮ್ಮ ಬೇರೆ ಬೈಯುತ್ತಿದ್ದಳು, ಹಾಡೋನನ್ನ ಕಟ್ಕೊಂಡು ಗಿಟಾರು ಬೇಯಿಸ್ಕೊಂಡು ತಿಂತೀಯೇನೇ, ನನಗೂ ಗೊತ್ತಿರಲಿಲ್ಲ, ಹೌದೂ ಅಲ್ಲ, ಇಲ್ಲವೂ ಅಲ್ಲ, ಗೊತ್ತಾಗುವತನಕ ಬಿಚ್ಚುವುದಿಲ್ಲವೆಂದು ಗಟ್ಟಿಯಾಗಿ ಹಿಡಿದು ಕೂತಿದ್ದೆ, ಮೊದಲ ಚರಣ ಮುಗಿಯಿತು, ಬೆವರು ಕಿವಿಯ ಹಿಂದಿನಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ, ಎರಡನೇ ಚರಣ, ಬಾವಿಗೆ ಬಗ್ಗಿ ನಿನ್ನ ಹೆಸರು — ನನ್ನ ಕೈ ಅಭ್ಯಾಸಬಲದಿಂದ ಬಿಚ್ಚಿಬಿಟ್ಟಿತು, ಪಟ್ಟೆಂದು, ಕಪ್ಪು ಬೀಸಣಿಗೆ, ಗಾಜಿನಾಚೆ ಅವನು ತಲೆಯೆತ್ತಿದ, ಪುಟ್ಟ ಗಿಟಾರಿನ ಮೇಲೆ ಬಲಗೈ ನಿಂತುಹೋಯಿತು, ಬೆರಳು ಬಿಡಿಸಿಕೊಂಡು, ಗಾಳಿಯಲ್ಲಿ. ಇನ್ನಿಬ್ಬರೂ ಬೆಪ್ಪಾಗಿ ನಿಂತರು, ಒಂದು, ಎರಡು, ಆಮೇಲೆ ನುಡಿಸಿದ. ಇದ್ದದ್ದೊಂದೇ ಟೇಪು, ಇನ್ನೊಮ್ಮೆ ಆಗದು ಎಂದರು. ಎವೆಲಿಯೋ ಮೂರು ದಿನ ಮಾತು ಬಿಟ್ಟಿದ್ದ.

ಆದರೆ ಗಾಸ್ಪಾರ್, ಒಂದು ಮಾತು ನಿನಗೆ ಯಾವತ್ತೂ ಹೇಳಲಿಲ್ಲ, ನನಗೇ ತಿಳಿದದ್ದು ಆಮೇಲೆ, ಆ ಕೈ ನಿಂತಾಗ ನನಗೆ ಸಮಯವಿತ್ತು, ಪಟಕ್ಕನೆ ಮಡಿಚಿ ತಲೆಯಾಡಿಸಬಹುದಿತ್ತು, ಒಂದು, ಎರಡು, ಎರಡು ಎಣಿಕೆ ಸಾಕಿತ್ತು, ಬಿಚ್ಚಿದ್ದು ಸೆಖೆಗೆ, ಮಡಿಚದೆ ಉಳಿದದ್ದು ಸೆಖೆಗಲ್ಲ. ಇದನ್ನು ಬಾಯಿ ಬಿಟ್ಟು ಹೇಳಿದರೆ ಸಮಾಧಾನಕ್ಕೆ ಅಂದಳು ಅಂದುಕೊಳ್ಳುತ್ತಾನೆ, ಬಲ್ಲೆ ಅವನನ್ನು, ಔಷಧಿ ಸಿಹಿಯಾಗಿದ್ದರೂ ಅನುಮಾನ. ಅಂಗಳದಲ್ಲಿ ಹಾಡು ಶುರುವಾಯಿತು, ಒಬ್ಬನೇ, ಗಡಸು ಬೆರಳು, ಮೊದಲ ಚರಣದಲ್ಲಿ ಎರಡು ಕಡೆ ಎಡವಿದ, ಪರವಾಗಿಲ್ಲ, ಬೀರುವಿನ ಕೆಳಗಿನ ಖಾನೆ, ಮಿರ್ನಾಳ ಜ್ಞಾನಸ್ನಾನದ ಅಂಗಿಯ ಅಡಿಯಲ್ಲಿ, ಇದೆ, ಅದೇ ಕಪ್ಪು ಬೀಸಣಿಗೆ, ಎರಡು ಕಡ್ಡಿ ಮುರಿದಿವೆ, ಕೈಯೆಲ್ಲಾ ಕಿತ್ತಳೆ, ಬಟ್ಟೆಗೆ ಒರೆಸು ಎಲ್ಸಿ, ನಡೆ, ಮಂಡಿಯೇ ಇವತ್ತೊಂದು ದಿನ ಸಹಿಸಿಕೋ, ಮೊದಲ ಚರಣ ಮುಗಿಯುತ್ತಿದೆ, ಬಾಗಿಲು ತೆರೆದೆ, ಅಬ್ಬಾ ಏನು ಚಳಿ, ಹಲ್ಲು ಕಟಕಟ, ಒಳ್ಳೆಯದಾಯಿತು, ಇನ್ನಷ್ಟು ಬೀಸು, ಉತ್ತರದ ಗಾಳಿಯೇ. ಎರಡನೇ ಚರಣ, ಬಾವಿಗೆ ಬಗ್ಗಿ, ಈ ಜಾಗದಲ್ಲಿ ಅವನು ತಲೆಯೆತ್ತಿಯೇ ಎತ್ತುತ್ತಾನೆ, ನಾನಿಲ್ಲದ ಊರಿನಲ್ಲೂ ಎತ್ತುತ್ತಿದ್ದನಂತೆ, ನಿನ್ನ ಹೆಸರು — ಎತ್ತಿದ. ಬಿಚ್ಚಿದೆ. ಪಟ್ಟೆಂದು, ಮುರಿದ ಕಡ್ಡಿಗಳ ಸಮೇತ, ಸೆಖೆಯಿಲ್ಲ ಗಾಸ್ಪಾರ್, ನೋಡು, ನಡುಗುತ್ತಿದ್ದೇನೆ, ಸೆಖೆಯೇ ಇಲ್ಲ. ಕೈ ನಿಂತಿತು, ಬೆರಳು ಬಿಡಿಸಿಕೊಂಡು, ತಂತಿಯ ಮೇಲೆ, ಗಾಳಿಯಲ್ಲಿ, ಒಂದು, ಎರಡು, ಎರಡಕ್ಕೆ ಮುಗಿಯಬೇಕು, ನುಡಿಸೋ ಮಾರಾಯ, ಮೂರು, ನಾಲ್ಕು, ಕೈ ಇನ್ನೂ ಗಾಳಿಯಲ್ಲೇ, ಕಣ್ಣು ನನ್ನ ಬೀಸಣಿಗೆಯ ಮೇಲೆ, ಆ ಕೈ…