ಉಡಿ ಒಡ್ಡಿದ ಕೈ

ಹಾವೇರಿಯ ಗ್ರಾಹಕರ ಆಯೋಗದಲ್ಲಿ ಲಾಡ್ಜಿನ ವಕೀಲರು ಫೋಟೊ ಮುಂದಿಟ್ಟಾಗ, ಅದರಲ್ಲಿ ನಗುತ್ತಿರುವ ಹೆಂಗಸು ತಾನೇ ಎಂದು ಒಪ್ಪಿಕೊಳ್ಳಲು ಬೀರವ್ವನಿಗೆ ಅರೆಗಳಿಗೆ ಹಿಡಿಯಿತು.

ಹೋದ ಸುಗ್ಗಿಯಲ್ಲಿ ಗಂಡ ಚನ್ನೇಶನ ಜೊತೆ ಮೇಡ್ಲೇರಿಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದಿದ್ದಳು. ವ್ಯಾಪಾರ ಮರುದಿನಕ್ಕೆ ಹೋಯಿತೆಂದು ಮನೋಹರನ ಲಾಡ್ಜಿನಲ್ಲಿ ಬಾಡಿಗೆ ಕೊಟ್ಟು ತಂಗಿದರು. ಬೆಳಿಗ್ಗೆ ಮೈಗೆ ಹತ್ತಿದ ಘಾಟು ತೊಳೆಯಲು ನಲ್ಲಿ ತಿರುವಿದರೆ ನಲ್ಲಿಯೇ ಕಿತ್ತು ಬಂತು. ಗೀಸರಿನ ಕುದಿನೀರು ಬಲಗೈಯನ್ನು ಬೇಯಿಸಿಬಿಟ್ಟಿತು. ಆ ನಲ್ಲಿ ಸಡಿಲೆಂದು ಕಸ ಹೊಡೆಯುವವರಿಗೆ ಗೊತ್ತಿತ್ತು, ಮಾಲೀಕನಿಗೂ ಗೊತ್ತಿತ್ತು. ಬಾಡಿಗೆ ಕೊಟ್ಟವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ರಾಣೆಬೆನ್ನೂರು ಸುತ್ತಿನ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಮಾಡುವ ಕೈ ಅದು. ಅರಳದ ಮೊಗ್ಗನ್ನು ಚಿಮಟಿಗೆಯಿಂದ ಬಿಡಿಸಿ ಇನ್ನೊಂದು ಹೂವಿನ ಪರಾಗ ಸವರಬೇಕು, ಮೊಗ್ಗು ಮುರಿಯಬಾರದು. ಈಗ ಬೆರಳುಗಳು ಅರ್ಧ ಮಡಚಿಕೊಂಡು ಮರಗಟ್ಟಿವೆ. ಪ್ಲಾಟಿನವರು ಕರೆಯುವುದನ್ನು ಬಿಟ್ಟರು. ಬೀರವ್ವ ಪರಿಹಾರ ಕೇಳಿ ಕೇಸು ಹಾಕಿದಳು.

ಆಗ ಮನೋಹರ ತಾನು ಬರಲಿಲ್ಲ. ಹೆಂಡತಿ ಅರುಣಾಳನ್ನು ಕಾರಿನಲ್ಲಿ ಮೇಡ್ಲೇರಿಯ ಮನೆಗೆ ಕಳಿಸಿದ. ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಖಣ ತಂದಿದ್ದಳು.

"ಅಕ್ಕಾರ, ಕೇಸಿನ ಮಾತು ಬ್ಯಾಡ. ನಾ ನಿಮ್ಮ ತಂಗಿ ಅಂತ ತಿಳೀರಿ. ಉಡಿ ತುಂಬಿ ಹೋಗ್ತೇನಿ."

ಬೀರವ್ವ ಅತ್ತೆ ಮೈಲವ್ವನ ಮುಖ ನೋಡಿದಳು.

"ನನ್ನ ಮಾರಿ ಏನು ನೋಡ್ತಿ? ಬಾಗಿಲಿಗೆ ಬಂದ ಮುತ್ತೈದಿ ಉಡಿ ತುಂಬತೇನಂದ್ರ ಒಲ್ಲೆ ಅಂತಾರೇನು? ಸೆರಗು ಒಡ್ಡು."

ಒಡ್ಡಿದಳು. ಮಡಚಿದ ಬೆರಳುಗಳಿಗೆ ಸೆರಗು ಸಿಕ್ಕಿಸಿ, ಅಕ್ಕಿಯ ಭಾರಕ್ಕೆ ಜಾರದಂತೆ ಬಿಗಿದವಳು ಅತ್ತೆಯೇ. ಡ್ರೈವರ್ ಮೊಬೈಲ್ ಎತ್ತಿದ. "ನಗ್ರಿ ಅಕ್ಕಾರ." ಮನೆಗೆ ಬಂದವರ ಎದುರು ಮುಖ ಗಂಟು ಹಾಕಬಾರದೆಂದು ನಕ್ಕಳು.

"ಸೆರಗು ಗಟ್ಟಿ ಹಿಡಿದೀರಿ," ಎಂದರು ಈಗ ಆ ಫೋಟೊ ತೋರಿಸುತ್ತ ಲಾಡ್ಜಿನ ವಕೀಲರು. "ಇಷ್ಟು ಅಕ್ಕಿ ತಡಕೊಂಡ ಕೈಗೆ ಏನಾಗೈತ್ರಿ?"

"ಅತ್ತಿ ಸಿಗಿಸಿದ್ರು ರೀ."

"ಅತ್ತಿ ಫೋಟೊದಾಗ ಇಲ್ಲ. ಉಡಿ ತಗೊಂಡ್ರೋ ಇಲ್ಲೋ?"

"ತಗೊಂಡೇನ್ರಿ."

"ಯಾರರ ಜುಲುಮಿ ಮಾಡಿದ್ರೇನು?"

ಏನೆಂದು ಹೇಳುವುದು? ಯಾರೂ ಕೈ ತಿರುವಿರಲಿಲ್ಲ. ಹೆಣ್ಣನ್ನು ಕಟ್ಟಿಹಾಕಲು ಹಗ್ಗವೇ ಬೇಕೆಂದು ಈ ದೇಶದ ಕಾಯಿದೆ ನಂಬಿಕೊಂಡಿದೆ. ಹಿಡಿ ಅಕ್ಕಿ ಸಾಕು, ಹಿಂದೊಬ್ಬಳು ಅತ್ತೆ ನಿಂತಿದ್ದರೆ.

"ಇಲ್ರಿ," ಎಂದಳು.

ಅವಳ ಪರ ವಕೀಲೆ ಜರೀನಾ ಡಾಕ್ಟರ ಸರ್ಟಿಫಿಕೇಟು ತೋರಿಸಿ, ಮುಂದಿನ ತಾರೀಖು ಪಡೆದು ಹೊರಬಂದರು. ಪಡಸಾಲೆಯಲ್ಲಿ ಮನೋಹರ ರಾಜಿಯ ಕಾಗದ ಹಿಡಿದು ಕಾಯುತ್ತಿದ್ದ.

"ಉಡಿ ಕೊಟ್ಟು ತಗೊಂಡ ಮಂದಿ ನಾವು. ಔಷಧದ ಖರ್ಚು ಕೊಡ್ತೇನಿ, ಸಹಿ ಹಾಕ್ರಿ."

"ಹಾಕು," ಎಂದಳು ಮಗನೊಂದಿಗೆ ಜೊತೆಗೆ ಬಂದಿದ್ದ ಮೈಲವ್ವ. "ಉಡಿ ತುಂಬಿಸಿಕೊಂಡು ಕೋರ್ಟು ಏರ್‍ಯಾಳ ಅಂತ ಊರಾಗ ಆಡಿಕೊಂಡು ನಗಾಕತ್ತಾರ." ಚನ್ನೇಶ ನೆಲ ನೋಡುತ್ತ ನಿಂತಿದ್ದ.

ಜರೀನಾ ಪಕ್ಕಕ್ಕೆ ಕರೆದರು. "ಬೀರವ್ವಾರ, ಸಹಿ ಹಾಕಿದ್ರ ಇಲ್ಲಿಗೆ ಮುಗೀತು. ಹಾಕಲಿಲ್ಲಂದ್ರ ಗೆಲ್ತೀರಿ ಅಂತ ನಾ ಸುಳ್ಳು ಹೇಳಂಗಿಲ್ಲ. ಆ ಫೋಟೊ ಭಾಳ ಕೆಟ್ಟದ್ದು."

ಮನೋಹರ ಪೆನ್ನು ಚಾಚಿದ. ಬೀರವ್ವ ಬಲಗೈ ನೀಡಿದಳು. ಪೆನ್ನು ಬೆರಳುಗಳ ನಡುವಿನಿಂದ ಜಾರಿ ಬಿತ್ತು.

"ಅಯ್ಯ, ನಿಮಗ ಪೆನ್ನ ಹಿಡಿಯಾಕ ಬರಂಗಿಲ್ಲಲ್ಲ," ಎಂದು ಅವನೇ ಬಗ್ಗಿ ಎತ್ತಿಕೊಂಡ. "ಇರ್ಲಿ, ಎಡಗೈ ಹೆಬ್ಬೆಟ್ಟು ಒತ್ರಿ." ಶಾಯಿಯ ಡಬ್ಬಿ ತೆಗೆದ. ಅದನ್ನೂ ತಂದಿದ್ದ.

ಬೀರವ್ವ ಅವನ ಮುಖ ನೋಡಿದಳು.

"ಈಗ ಅಂದ್ರಲ್ಲ, ಅದನ್ನ ಒಳಗ ಬಂದು ಅನ್ರಿ."

"ಯಾವುದನ್ನ?"

"ಪೆನ್ನ ಹಿಡಿಯಾಕ ಬರಂಗಿಲ್ಲ ಅಂತ."

ಮನೋಹರ ನಕ್ಕ. ನಗು ಅತ್ತೆಗೂ ಗಂಡನಿಗೂ ಹಂಚಿದ. ಅವರು ಮರಳಿ ನಗಲಿಲ್ಲ, ಆದರೆ ಅವಳ ಕಡೆಗೂ ಬರಲಿಲ್ಲ. "ಲಗೂ ಒತ್ತು, ಬಸ್ಸು ಹೋಗ್ತೈತಿ," ಎಂದಳು ಮೈಲವ್ವ.

ಒಳಗೆ ಬೇರೆ ಯಾರದೋ ಕೇಸು ಕೂಗಿದರು. ಬೀರವ್ವ ಬಾಗಿಲಿಗೆ ಹತ್ತಿದ ಬೆಂಚಿನ ಮೇಲೆ ಕುಳಿತಳು, ಎಡಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡು.

"ನೀವು ಹೋಗ್ರಿ ಅತ್ತೀ," ಎಂದಳು. "ಈ ಲಾಡ್ಜಿನವರು ಒಳಗ ಬಂದು ಆ ಮಾತು ಅನ್ನೂತನ ನಾ ಏಳಂಗಿಲ್ಲ."